ಹಾಲು ಬಿಟ್ಟ ಗಾಂಧಿ, ಜೊತೆಗೆ ನಿಂತವರು

ಗಾಂಧೀಜಿ ಎಂದರೆ ನಮಗೆ ತಟ್ಟನೆ ನೆನಪಾಗುವುದು ಕನ್ನಡಕ, ಕೋಲು, ಚರಕ. ಪಕ್ಕದಲ್ಲೊಂದು ಆಡು. ಅವರು ಆಡಿನ ಹಾಲು ಕುಡಿಯುತ್ತಿದ್ದರೆಂದು ಪ್ರೈಮರಿ ಶಾಲೆಯಲ್ಲೇ ಕೇಳಿರುತ್ತೇವೆ. ಅದು ಸರಳ ಜೀವನದ ಗುರುತು ಎಂದು ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ. ಆದರೆ ಅವರ ಆತ್ಮಕಥೆಯನ್ನು ಓದಿದರೆ ಬೇರೆಯೇ ಕಥೆ ಸಿಗುತ್ತದೆ. ಆಡಿನ ಹಾಲು ಅವರು ಇಷ್ಟಪಟ್ಟು ಆರಿಸಿಕೊಂಡದ್ದಲ್ಲ, ಹಾಸಿಗೆ ಹಿಡಿದು ಮಲಗಿದ್ದಾಗ ಮನಸ್ಸಿಲ್ಲದೆ ಒಪ್ಪಿಕೊಂಡದ್ದು. ಅದಕ್ಕೂ ಮುಂಚೆ 1912ರಿಂದ 1919ರವರೆಗೆ ಅವರು ಹಾಲು, ಮೊಸರು, ತುಪ್ಪ ಯಾವುದನ್ನೂ ಬೇಕೆಂದು ಮುಟ್ಟಿರಲಿಲ್ಲ. ಈಗ ನಾವು ವೀಗನ್ ಅನ್ನುತ್ತೇವಲ್ಲ, ಆ ಪದ ಹುಟ್ಟುವುದಕ್ಕೆ ಮೂರು ದಶಕ ಮೊದಲೇ!

ಇದು ಒಬ್ಬರೇ ಮಾಡಿದ ಸಾಹಸ ಅಲ್ಲ ಅನ್ನುವುದು ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ ಸಂಗತಿ. ಪ್ರತಿ ಹಂತದಲ್ಲೂ ಅವರ ಪಕ್ಕದಲ್ಲಿ ಯಾರೋ ಒಬ್ಬರು ಇದ್ದರು. ಕೆಲವರು ಜೊತೆಗೆ ಹಾಲು ಬಿಟ್ಟರು, ಕೆಲವರು ದಾರಿ ತೋರಿಸಿದರು, ಕೆಲವರು ಪ್ರೀತಿಯಿಂದಲೇ ಅಡ್ಡ ನಿಂತರು.

1888ರ ಸೆಪ್ಟೆಂಬರ್ 4ರಂದು ಮೋಹನದಾಸ ಬ್ಯಾರಿಸ್ಟರ್ ಓದಲು ಮುಂಬೈಯಿಂದ ಹಡಗು ಹತ್ತಿದಾಗ 19 ತುಂಬಲು ಇನ್ನೂ ಒಂದು ತಿಂಗಳು ಬಾಕಿ ಇತ್ತು. ಅಂದರೆ ಈಗ ನನಗಿಂತ ಎರಡು ವರ್ಷ ಚಿಕ್ಕವರು. ಮಾಂಸ ಮುಟ್ಟುವುದಿಲ್ಲ ಎಂದು ತಾಯಿ ಪುತಳೀಬಾಯಿಯವರ ಎದುರು ಮಾತು ಕೊಟ್ಟಿದ್ದರು. ಹಾಗೆಂದು ಅವರೇನೂ ಹುಟ್ಟಾ ಸಸ್ಯಾಹಾರವಾದಿ ಅಲ್ಲ. ಹೈಸ್ಕೂಲಿನಲ್ಲಿದ್ದಾಗ ಗೆಳೆಯನೊಬ್ಬನ ಮಾತು ಕೇಳಿ ನದಿ ದಂಡೆಯಲ್ಲಿ ಕದ್ದು ಮೇಕೆ ಮಾಂಸ ತಿಂದವರು. ಇಂಗ್ಲಿಷರು ಮಾಂಸ ತಿನ್ನುವುದರಿಂದಲೇ ನಮ್ಮನ್ನು ಆಳುತ್ತಿದ್ದಾರೆ ಎಂದು ಆಗ ನಂಬಿದ್ದರು. ಅದನ್ನು ಬಿಟ್ಟದ್ದು ಕೂಡ ಪ್ರಾಣಿದಯೆಯಿಂದಲ್ಲ, ಅಪ್ಪ ಅಮ್ಮನಿಗೆ ಸುಳ್ಳು ಹೇಳಲಾರದೆ.

ಲಂಡನ್ನಿನಲ್ಲಿ ಮೊದಲ ತಿಂಗಳುಗಳು ಬರೀ ಹಸಿವು. ಮನೆಯೊಡತಿ ಕೊಡುವ ಎರಡು ಮೂರು ಚೂರು ಬ್ರೆಡ್ಡಿಗಿಂತ ಹೆಚ್ಚು ಕೇಳಲು ಸಂಕೋಚ. ಗೆಳೆಯರೊಬ್ಬರು ಅವರನ್ನು ಮಾಂಸಕ್ಕೆ ಒಪ್ಪಿಸಲೇಬೇಕೆಂದು ಬೆಂಥಾಮನ ಪುಸ್ತಕ ಓದಿ ಹೇಳಿದರು. ತರ್ಕದಲ್ಲಿ ಗೆಲ್ಲಲಾಗದ ಮೋಹನದಾಸ, ಮಾತು ಕೊಟ್ಟಾಗಿದೆ, ಇನ್ನು ವಾದ ಬೇಡ ಎಂದು ಕೈಮುಗಿದರು. ಇನ್ನೊಂದು ದಿನ ಅದೇ ಗೆಳೆಯ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದೊಯ್ದಾಗ, ಸೂಪಿನಲ್ಲಿ ಮಾಂಸ ಇದೆಯೇ ಎಂದು ಇವರು ಮಾಣಿಯನ್ನು ಕರೆದು ವಿಚಾರಿಸಿದರು. ಗೆಳೆಯನಿಗೆ ನಾಲ್ಕು ಜನರೆದುರು ಮರ್ಯಾದೆ ಹೋದಂತಾಯಿತು. ಹೊರಗೆ ಹೋಗಿ ಬೇರೆಲ್ಲಾದರೂ ತಿಂದು ಕಾಯುತ್ತಿರು ಎಂದು ಗದರಿದ. ಮೋಹನದಾಸ ಎದ್ದು ಹೋದರು. ಹತ್ತಿರದ ಸಸ್ಯಾಹಾರಿ ಹೋಟೆಲು ಮುಚ್ಚಿತ್ತು. ಖಾಲಿ ಹೊಟ್ಟೆಯಲ್ಲೇ ಬಂದು ಆ ಗೆಳೆಯನ ಜೊತೆಗೇ ನಾಟಕ ನೋಡಿದರು. ಇಬ್ಬರೂ ಆ ವಿಷಯ ಎತ್ತಲಿಲ್ಲ, ಸ್ನೇಹವೂ ಮುರಿಯಲಿಲ್ಲ. ಗೆಳೆಯರ ಗುಂಪಿನಲ್ಲಿ ಊಟದ ವಿಷಯಕ್ಕೆ ಒಬ್ಬನೇ ಬೇರೆಯಾಗಿ ಕೂತವರಿಗೆ ಈ ಘಟನೆ ಚೆನ್ನಾಗಿ ಅರ್ಥವಾಗುತ್ತದೆ.

ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಹುಡುಕಾಡುತ್ತಿದ್ದವರಿಗೆ ಕೊನೆಗೆ ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಒಂದು ಸಸ್ಯಾಹಾರಿ ಹೋಟೆಲು ಸಿಕ್ಕಿತು. ಬಾಗಿಲ ಬಳಿ ಗಾಜಿನ ಕಪಾಟಿನಲ್ಲಿ ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರದ ಪುಸ್ತಕ ಇತ್ತು. ಒಂದು ಶಿಲ್ಲಿಂಗ್ ಕೊಟ್ಟು ಕೊಂಡು, ನೇರವಾಗಿ ಊಟಕ್ಕೆ ಕುಳಿತರು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬಿದ ಮೊದಲ ಊಟ ಅದು. ಅಲ್ಲಿಯವರೆಗೆ ತಾಯಿಗಾಗಿ ಪಾಲಿಸುತ್ತಿದ್ದ ವ್ರತ ಆ ಪುಸ್ತಕ ಓದಿದ ಮೇಲೆ ಅವರದ್ದೇ ಆಯಿತು.

ಅಲ್ಲಿಂದ ಮುಂದೆ ಅವರು ಒಂಟಿಯಲ್ಲ. ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿ ಸೇರಿದರು. ಸಂಘದ ಪತ್ರಿಕೆಯ ಸಂಪಾದಕ ಜೋಸೈಯಾ ಓಲ್ಡ್‌ಫೀಲ್ಡ್ ಗೆಳೆಯರಾದರು. ಬೇಸ್‌ವಾಟರ್ ಎಂಬ ಬಡಾವಣೆಯಲ್ಲಿ ಒಂದು ಪುಟ್ಟ ಕ್ಲಬ್ ಕಟ್ಟಿ, ಓಲ್ಡ್‌ಫೀಲ್ಡ್ ಅಧ್ಯಕ್ಷ, ಕವಿ ಎಡ್ವಿನ್ ಅರ್ನಾಲ್ಡ್ ಉಪಾಧ್ಯಕ್ಷ, ಮೋಹನದಾಸ ಕಾರ್ಯದರ್ಶಿ. ಕೆಲವೇ ತಿಂಗಳು ನಡೆದ ಕ್ಲಬ್ಬು ಅದು. ಸಭೆಯಲ್ಲಿ ನಾಲ್ಕು ಮಾತಾಡಲೂ ನಡುಗುತ್ತಿದ್ದ ಹುಡುಗ ಸಂಘ ಕಟ್ಟುವುದನ್ನು ಕಲಿತದ್ದು ಊಟದ ವಿಷಯದಲ್ಲಿ ಅನ್ನುವುದು ವಿಚಿತ್ರವಾದರೂ ನಿಜ. ತಾವೇ ಓಟ್ಸ್ ಗಂಜಿ, ಕೋಕೋ ಮಾಡಿಕೊಂಡು ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸ್‌ನಲ್ಲಿ ಊಟ ಮುಗಿಸುವಷ್ಟು ಲೆಕ್ಕಾಚಾರವನ್ನೂ ಕಲಿತರು. ಒಮ್ಮೆ ಬರೀ ಹಾಲು, ಚೀಸ್, ಮೊಟ್ಟೆಯ ಮೇಲೆ ಬದುಕುವ ಪ್ರಯೋಗ ಮಾಡಿದರು. ಅದು ಹದಿನೈದು ದಿನವೂ ದಾಟಲಿಲ್ಲ. ಅಮ್ಮನ ಲೆಕ್ಕದಲ್ಲಿ ಮೊಟ್ಟೆಯೂ ಮಾಂಸವೇ ಎಂದು ಹೊಳೆದು ಬಿಟ್ಟರು. ಹಾಲಿನ ಬಗ್ಗೆ ಆಗ ಯಾವ ಪ್ರಶ್ನೆಯೂ ಇರಲಿಲ್ಲ.

ಪ್ರಶ್ನೆ ಎದ್ದದ್ದು ದಕ್ಷಿಣ ಆಫ್ರಿಕಾದಲ್ಲಿ. ಹಾಲು ಇಂದ್ರಿಯಗಳನ್ನು ಕೆರಳಿಸುತ್ತದೆ ಎಂಬ ಮಾತನ್ನು ಅವರು ಮೊದಲು ಕೇಳಿದ್ದು ಜೈನ ಚಿಂತಕ ರಾಯಚಂದಭಾಯಿಯವರಿಂದ. ಆಮೇಲೆ ಕೋಲ್ಕತ್ತದಿಂದ ಬಂದ ಕೆಲವು ಬರಹಗಳನ್ನು ಓದಿದರು. ಕೊನೆಯ ಹನಿ ಹಾಲನ್ನೂ ಹಿಂಡಲು ಅಲ್ಲಿ ಹಸು, ಎಮ್ಮೆಗಳ ಜನನಾಂಗದೊಳಗೆ ಕೊಳವೆಯಿಂದ ಗಾಳಿ ಊದುತ್ತಿದ್ದರು. ಅದಕ್ಕೆ ಫೂಕಾ ಎಂದು ಹೆಸರು. ಓದಿದ ಮೇಲೆ ಲೋಟ ಎತ್ತುವುದು ಕಷ್ಟವಾಯಿತು. ಆದರೂ ತಕ್ಷಣ ಬಿಡಲಿಲ್ಲ. ಬಿಡಿಸಿದ್ದು ಹರ್ಮನ್ ಕಾಲೆನ್‌ಬಾಕ್.

ಕಾಲೆನ್‌ಬಾಕ್ ಜೊಹಾನ್ಸ್‌ಬರ್ಗಿನಲ್ಲಿದ್ದ ಜರ್ಮನ್ ಯಹೂದಿ, ವೃತ್ತಿಯಲ್ಲಿ ಆರ್ಕಿಟೆಕ್ಟ್. ಕೈತುಂಬ ಸಂಪಾದನೆ, ಮದುವೆಯಾಗಿರಲಿಲ್ಲ. ಮನೆ ಬಾಡಿಗೆ ಬಿಟ್ಟು ತನ್ನೊಬ್ಬನಿಗೇ ತಿಂಗಳಿಗೆ 1200 ರೂಪಾಯಿ ಖರ್ಚು ಮಾಡುತ್ತಿದ್ದ ಮನುಷ್ಯ ಗಾಂಧೀಜಿಯ ಸಹವಾಸದಲ್ಲಿ ಅದನ್ನು 120ಕ್ಕೆ ಇಳಿಸಿದರು. 1910ರಲ್ಲಿ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ 1100 ಎಕರೆ ಜಮೀನು ಕೊಂಡು ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಅಲ್ಲಿ ಇಬ್ಬರೂ ಹಾಲಿನ ಕೆಡುಕುಗಳ ಬಗ್ಗೆ ಆಗಾಗ ಮಾತಾಡಿಕೊಳ್ಳುತ್ತಿದ್ದರು. 1912ರಲ್ಲಿ ಒಂದು ದಿನ ಕಾಲೆನ್‌ಬಾಕ್, ಬರೀ ಮಾತಾಡುವುದೇಕೆ, ಬಿಟ್ಟೇಬಿಡೋಣ ಎಂದರು. ಇಬ್ಬರೂ ಅಲ್ಲೇ ಪ್ರತಿಜ್ಞೆ ಮಾಡಿದರು. ಸ್ವಲ್ಪ ದಿನಕ್ಕೆ ಬೇಯಿಸಿದ ಆಹಾರವನ್ನೂ ಬಿಟ್ಟು ಹಸಿ ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆಹಣ್ಣು, ಆಲಿವ್ ಎಣ್ಣೆಯಲ್ಲೇ ಬದುಕತೊಡಗಿದರು.

ಇಲ್ಲಿ ನನಗೆ ಕಾಣುವುದು ಇಷ್ಟು: ಸ್ವಂತ ಬಲದಿಂದ ವರ್ಷಗಟ್ಟಲೆ ಆಗದೆ ಇದ್ದ ಕೆಲಸ, ಇನ್ನೊಬ್ಬರು ಜೊತೆಗೆ ಬರುತ್ತೇನೆ ಎಂದಾಗ ಒಂದು ದಿನದಲ್ಲಿ ಆಯಿತು. ಹಾಸ್ಟೆಲ್ ಮೆಸ್ಸಿನಲ್ಲಿ ನಾನು ದಿನಾ ನೋಡುವುದು ಇದರ ಉಲ್ಟಾ. ಯಾರಾದರೂ ಮೊಸರು ಬೇಡ ಅಂದರೆ ಸಾಕು, ಕ್ಯಾಲ್ಸಿಯಂ ಎಲ್ಲಿಂದ, ಪ್ರೋಟೀನ್ ಎಲ್ಲಿಂದ ಎಂದು ಇಡೀ ಟೇಬಲ್ಲು ವೈವಾ ಶುರು ಮಾಡುತ್ತದೆ.

ಜೊತೆಗೆ ಬಿಡುವುದು ಎಂದರೇನು ಎಂಬುದು ಗಾಂಧೀಜಿಗೂ ಗೊತ್ತಿತ್ತು. ದಕ್ಷಿಣ ಆಫ್ರಿಕಾದಲ್ಲೇ ಕಸ್ತೂರಬಾ ರಕ್ತಸ್ರಾವದಿಂದ ನರಳುತ್ತಿದ್ದಾಗ ಉಪ್ಪು, ಬೇಳೆಕಾಳು ಬಿಡು ಎಂದು ಇವರು ಒತ್ತಾಯಿಸಿದರು. ನಿಮ್ಮ ಕೈಲೂ ಅದು ಆಗದು ಎಂದು ಆಕೆ ಉತ್ತರ ಕೊಟ್ಟರು. ಆ ಕ್ಷಣವೇ ಇವರು ಒಂದು ವರ್ಷ ಎರಡನ್ನೂ ಬಿಡುವುದಾಗಿ ಹೇಳಿಬಿಟ್ಟರು. ಆಕೆ ಅತ್ತು, ಮಾತು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಬೇಡಿಕೊಂಡರೂ ಕೇಳಲಿಲ್ಲ. ಇದನ್ನು ಬೆಂಬಲ ಎನ್ನಬೇಕೋ ಹಟ ಎನ್ನಬೇಕೋ? ಅರ್ಧ ಅರ್ಧ ಎಂದು ನನ್ನ ಲೆಕ್ಕ. ಆಕೆಯ ಆರೋಗ್ಯವಂತೂ ಸುಧಾರಿಸಿತು.

1914ರಲ್ಲಿ ಕಸ್ತೂರಬಾ, ಕಾಲೆನ್‌ಬಾಕ್ ಜೊತೆ ಇಂಗ್ಲೆಂಡಿಗೆ ಹೋದಾಗ ಯುದ್ಧ ಶುರುವಾಗಿತ್ತು. ಅಲ್ಲಿ ಗಾಂಧೀಜಿಗೆ ಪ್ಲೂರಸಿ, ಅಂದರೆ ಶ್ವಾಸಕೋಶದ ಹೊರಪೊರೆಯ ಉರಿಯೂತ ಬಂತು. ಚಿಕಿತ್ಸೆ ನೋಡುತ್ತಿದ್ದವರು ಡಾ. ಜೀವರಾಜ ಮೆಹ್ತಾ, ಮುಂದೆ ಗುಜರಾತಿನ ಮೊದಲ ಮುಖ್ಯಮಂತ್ರಿಯಾದವರು. ಅವರು ಹಾಲು, ಧಾನ್ಯ ತಿನ್ನಲೇಬೇಕೆಂದರು. ಗುರುವಿನಂತಿದ್ದ ಗೋಖಲೆಯವರೂ ಒತ್ತಾಯಿಸಿದರು. ಗೋಖಲೆ ಹೇಳಿದರೆ ಇಲ್ಲ ಎನ್ನುವುದು ಗಾಂಧೀಜಿಗೆ ಸುಲಭವಲ್ಲ. ಯೋಚಿಸಲು ಸಮಯ ಕೇಳಿ, ಮಿಕ್ಕಿದ್ದಕ್ಕೆ ಒಪ್ಪುತ್ತೇನೆ, ಹಾಲು ಮಾತ್ರ ಬೇಡ ಎಂದರು. ಗೋಖಲೆಯವರಿಗೆ ಬೇಸರವಾಯಿತು, ಆದರೆ ಪ್ರೀತಿ ಕಡಿಮೆಯಾಗಲಿಲ್ಲ. ಆಮೇಲೆ ಬಂದವರು ಸಸ್ಯಾಹಾರಿ ವೈದ್ಯ ಡಾ. ಆಲಿನ್‌ಸನ್. ಹಾಲಿನ ಅಗತ್ಯವೇ ಇಲ್ಲ ಎಂದ ಅವರು ಕಂದು ಬ್ರೆಡ್, ಹಸಿ ತರಕಾರಿ, ಕಿತ್ತಳೆಹಣ್ಣು ಬರೆದುಕೊಟ್ಟರು. ಕಿಟಕಿಗಳನ್ನು ಇಪ್ಪತ್ತನಾಲ್ಕು ಗಂಟೆಯೂ ತೆರೆದಿಡಲು ಹೇಳಿದರು. ಸ್ವಲ್ಪ ಚೇತರಿಕೆ ಕಂಡಿತು, ಕಾಯಿಲೆ ಪೂರ್ತಿ ಹೋಗಲಿಲ್ಲ.

ಆಗಲೇ ಒಂದು ತಮಾಷೆಯೂ ನಡೆಯಿತು. ನೋಡಲು ಬರುತ್ತಿದ್ದ ಲೇಡಿ ಸೆಸಿಲಿಯಾ ರಾಬರ್ಟ್ಸ್‌ಗೆ ಇವರಿಗೆ ಏನಾದರೂ ಪುಷ್ಟಿ ಕೊಡಬೇಕೆಂಬ ಆಸೆ. ಯಾರೋ ಪರಿಚಯದವರು ಮಾಲ್ಟೆಡ್ ಮಿಲ್ಕ್ ಕೊಡಿ, ಹೆಸರಿಗಷ್ಟೇ ಮಿಲ್ಕ್, ಅದರಲ್ಲಿ ಹಾಲಿಲ್ಲ ಎಂದರಂತೆ. ಪುಡಿಯನ್ನು ನೀರಿಗೆ ಹಾಕಿ ಕುಡಿದರೆ ಥೇಟ್ ಹಾಲಿನ ರುಚಿ. ಬಾಟಲಿಯ ಚೀಟಿ ಓದಿದರೆ ಹಾಲಿನಿಂದಲೇ ತಯಾರಾದದ್ದು ಎಂದಿತ್ತು. ಪಾಪ, ಆ ಹೆಂಗಸು ಓಡೋಡಿ ಬಂದು ಕ್ಷಮೆ ಕೇಳಿದರು. ಪರಿಚಯದವರು ಚೀಟಿಯನ್ನೇ ಓದಿರಲಿಲ್ಲ. ಬಿಸ್ಕತ್ತು ಪ್ಯಾಕೆಟ್ಟಿನ ಹಿಂಬದಿ ಹುಡುಕುವ ಇಂದಿನ ವೀಗನ್ನರಿಗೆ ಇದು ದಿನನಿತ್ಯದ ಕೆಲಸ.

ಕಾಲೆನ್‌ಬಾಕ್ ಭಾರತಕ್ಕೂ ಜೊತೆಗೆ ಬರುವವರಿದ್ದರು. ಜರ್ಮನ್ ಪ್ರಜೆ ಎಂಬ ಕಾರಣಕ್ಕೆ ಬ್ರಿಟಿಷರು ಪಾಸ್‌ಪೋರ್ಟ್ ಕೊಡಲಿಲ್ಲ. 1915ರ ಜನವರಿಯಲ್ಲಿ ಗಾಂಧೀಜಿ ಮುಂಬೈಯಲ್ಲಿ ಇಳಿದಾಗ ಜೊತೆಗೆ ಹಾಲು ಬಿಟ್ಟ ಗೆಳೆಯ ಪಕ್ಕದಲ್ಲಿರಲಿಲ್ಲ. ಮುಂದಾದದ್ದಕ್ಕೆ ಇದೇ ಕಾರಣ ಎಂದು ನಾನು ಹೇಳುವುದಿಲ್ಲ.

1918ರಲ್ಲಿ ಖೇಡಾದಲ್ಲಿ ಸೈನ್ಯಕ್ಕೆ ಜನ ಸೇರಿಸುತ್ತಾ ಹಳ್ಳಿ ಹಳ್ಳಿ ಅಲೆಯುತ್ತಿದ್ದಾಗ ಅವರ ಮುಖ್ಯ ಆಹಾರ ಕಡಲೆಕಾಯಿ ಬೆಣ್ಣೆ ಮತ್ತು ನಿಂಬೆ. ಹೊಟ್ಟೆ ಕೆಟ್ಟಿತು. ಒಂದು ಹಬ್ಬದ ದಿನ ಕಸ್ತೂರಬಾ ಇವರಿಗೆಂದೇ ತುಪ್ಪದ ಬದಲು ಎಣ್ಣೆ ಹಾಕಿ ಗೋಧಿಯ ಸಿಹಿ ಗಂಜಿ ಮಾಡಿದರು, ಜೊತೆಗೆ ಒಂದು ಬಟ್ಟಲು ಹೆಸರುಕಾಳು. ಆಸೆಗೆ ಹೆಚ್ಚು ತಿಂದರು. ಒಂದು ಗಂಟೆಯೊಳಗೆ ಆಮಶಂಕೆ ಜೋರಾಯಿತು. ದಿನಕ್ಕೆ ಮೂವತ್ತು ನಲವತ್ತು ಸಲ ಭೇದಿ. ಔಷಧ ಬೇಡ ಎಂದರು. ಸಾಯುತ್ತೇನೆಂದೇ ಅವರಿಗೆ ಅನ್ನಿಸಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇದ್ದರು.

ಕೊನೆಗೆ ಮುಂಬೈಯಲ್ಲಿ ಶಂಕರಲಾಲ್ ಬ್ಯಾಂಕರ್ ಅವರ ಒತ್ತಾಯಕ್ಕೆ ಡಾ. ದಲಾಲ್ ಬಂದು ನೋಡಿದರು. ಹಾಲಿಲ್ಲದೆ ಈ ದೇಹ ಮತ್ತೆ ಕಟ್ಟಲಾಗದು ಎಂದು ಖಡಾಖಂಡಿತ ಹೇಳಿದರು. ಗಾಂಧೀಜಿ ವ್ರತದ ಕಾರಣ ವಿವರಿಸಿದರು, ಹಸು ಎಮ್ಮೆಗಳ ಫೂಕಾ ಕಥೆ ಹೇಳಿದರು. ಮಂಚದ ಪಕ್ಕ ನಿಂತು ಕೇಳುತ್ತಿದ್ದ ಕಸ್ತೂರಬಾ ಬಾಯಿ ಹಾಕಿದರು. ಹಾಗಾದರೆ ಆಡಿನ ಹಾಲಿಗೆ ಅಡ್ಡಿ ಇರಲಾರದಲ್ಲ ಎಂದರು. ಡಾಕ್ಟರು ಅದನ್ನೇ ಹಿಡಿದುಕೊಂಡರು. ರೌಲತ್ ಕಾಯ್ದೆಯ ವಿರುದ್ಧ ಹೋರಾಡಲು ಬದುಕಬೇಕೆಂಬ ಆಸೆ ಗಾಂಧೀಜಿಗೂ ಇತ್ತು. ಒಪ್ಪಿದರು. ಬಲ ಬಂತು, ಶಸ್ತ್ರಚಿಕಿತ್ಸೆಯೂ ಆಯಿತು.

ಆದರೆ ಅದು ಕೊನೆಯವರೆಗೂ ಅವರನ್ನು ಚುಚ್ಚಿತು. ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಎಂಬುದು ನಿಜವಾದರೂ ಅದರ ಅರ್ಥ ಎಲ್ಲ ಹಾಲಿಗೂ ಅನ್ವಯಿಸುತ್ತಿತ್ತು. ಅಕ್ಷರ ಉಳಿಸಿಕೊಂಡು ಆತ್ಮವನ್ನು ಕೊಂದೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡರು. ಕಸ್ತೂರಬಾ ಮಾಡಿದ್ದು ಸರಿಯೇ? ನನ್ನ ಮಟ್ಟಿಗೆ ನೂರಕ್ಕೆ ನೂರು ಸರಿ. ಇಷ್ಟು ವರ್ಷ ತುಪ್ಪವಿಲ್ಲದೆ ಬೇರೆ ಅಡುಗೆ ಮಾಡಿ ಹಾಕಿದವರು, ವ್ರತದ ಒಳಹೊರಗು ತಿಳಿದವರು ಆಕೆ. ಡಾಕ್ಟರ ವಿಜ್ಞಾನಕ್ಕೂ ಗೋಖಲೆಯವರ ಪ್ರೀತಿಗೂ ಬಗ್ಗದವರನ್ನು ಅವರದೇ ತರ್ಕದಿಂದ ಒಂದು ಸಾಲಿನಲ್ಲಿ ಬದುಕಿಸಿಕೊಂಡರು.

1927ರಲ್ಲಿ ಅನಾರೋಗ್ಯದಿಂದ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಬಂದಾಗ ಗಾಂಧೀಜಿ ಹೊಸೂರು ರಸ್ತೆಯ ಇಂಪೀರಿಯಲ್ ಡೈರಿಗೆ ಹೋಗಿ ಹಸು ಸಾಕಣೆಯ ಪಾಠ ಕೇಳಿದರು. ಅದು ಈಗ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ. ಹಾಲು ಬಿಟ್ಟವರಿಗೆ ಡೈರಿಯಲ್ಲೇನು ಕೆಲಸ ಎಂದು ಮೊದಲು ನನಗೂ ಅನ್ನಿಸಿತ್ತು. ದೇಶ ಹಾಲು ಬಿಡುವುದಿಲ್ಲ ಎಂದಾದರೆ ಹಸುವಿಗೆ ಹಿಂಸೆಯಾದರೂ ಕಡಿಮೆಯಾಗಲಿ ಎಂಬುದು ಅವರ ದಾರಿಯಾಗಿತ್ತು.

ಹುಡುಕಾಟ ಮಾತ್ರ ನಿಲ್ಲಲಿಲ್ಲ. 1929ರಲ್ಲಿ ಸಾಬರಮತಿಯಲ್ಲಿ ಆಶ್ರಮವಾಸಿಗಳನ್ನು ಸೇರಿಸಿಕೊಂಡು ಬೇಯಿಸದ ಆಹಾರದ ಪ್ರಯೋಗ ಮಾಡಿದರು. ಅದೂ ದೇಹಕ್ಕೆ ಒಗ್ಗದೆ ಮತ್ತೆ ಆಡಿನ ಹಾಲಿಗೆ ಮರಳಿದರು. 1931ರ ನವೆಂಬರ್‌ನಲ್ಲಿ ದುಂಡುಮೇಜಿನ ಸಭೆಗೆ ಹೋದಾಗ ಲಂಡನ್ ಸಸ್ಯಾಹಾರಿ ಸಂಘ ಅವರನ್ನು ಭಾಷಣಕ್ಕೆ ಕರೆಯಿತು. ಒಂದು ಶಿಲ್ಲಿಂಗಿನ ಆ ಪುಸ್ತಕ ಬರೆದ ಹೆನ್ರಿ ಸಾಲ್ಟ್ ಪಕ್ಕದಲ್ಲೇ ಕುಳಿತಿದ್ದರು. ಹಾಲಿನ ವಿಷಯದಲ್ಲಿ ಸೋತೆನೆಂದು ಅಲ್ಲೂ ಮುಚ್ಚಿಡದೆ ಹೇಳಿದರು. ಆಗಾ ಖಾನ್ ಅರಮನೆಯ ಸೆರೆಯಲ್ಲಿ 1942ರಲ್ಲಿ ಆರೋಗ್ಯದ ಬಗ್ಗೆ ಬರೆಯುವಾಗಲೂ ಹಾಲಿನ ಜಾಗ ತುಂಬಬಲ್ಲ ಸಸ್ಯವೊಂದನ್ನು ಯಾರಾದರೂ ವೈದ್ಯರು ಕಂಡುಹಿಡಿಯಲಿ ಎಂಬ ಆಸೆ ಉಳಿದಿತ್ತು.

1944ರ ನವೆಂಬರ್‌ನಲ್ಲಿ ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಮೇಷ್ಟ್ರು ಕೆಲವೇ ಗೆಳೆಯರ ಜೊತೆ ಇಂಗ್ಲೆಂಡಿನಲ್ಲಿ ವೀಗನ್ ಸಂಘ ಕಟ್ಟಿದರು. ಬಿ-12 ವಿಟಮಿನ್ನನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1948ರಲ್ಲಿ, ಗಾಂಧೀಜಿಯ ಹತ್ಯೆಯಾದ ವರ್ಷವೇ. ಹಾಲು, ಮೊಟ್ಟೆ, ಮಾಂಸದಲ್ಲಿರುವ ಈ ವಿಟಮಿನ್ ಕಾಳು, ತರಕಾರಿ, ಹಣ್ಣಿನಿಂದ ಬೇಕಾದಷ್ಟು ಸಿಗುವುದಿಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ. ಗಾಂಧೀಜಿ ಕಾಡುಮೇಡಿನ ಗಿಡಗಳಲ್ಲಿ ಹುಡುಕುತ್ತಿದ್ದುದರ ಒಂದು ಪಾಲು ಈಗ ಮೆಡಿಕಲ್ ಶಾಪಿನಲ್ಲಿ ಮಾತ್ರೆಯಾಗಿ ಸಿಗುತ್ತದೆ. ನಮ್ಮ ಬ್ಯಾಚಿನಲ್ಲಿ ಹಾಲು ಬಿಟ್ಟಿರುವ ಇಬ್ಬರು ಒಂದೇ ರೂಮಿನವರು. ಬೆಳಿಗ್ಗೆ ಆ ಮಾತ್ರೆಯನ್ನು ಒಬ್ಬ ಮರೆತರೆ ಇನ್ನೊಬ್ಬ ನೆನಪಿಸುತ್ತಾನೆ.