ಬಿಎಂಐ ಸೂತ್ರ ಕೊಟ್ಟವರು ವೈದ್ಯರಲ್ಲ! ಮಕ್ಕಳಿಗೆ ಅದು ಹೊಂದುತ್ತದೆಯೇ?

ಐದು ವರ್ಷದ ಹುಡುಗ. ಎತ್ತರ 110 ಸೆಂ.ಮೀ., ತೂಕ 18.5 ಕೆ.ಜಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸೂತ್ರದಂತೆ ತೂಕವನ್ನು ಎತ್ತರದ (ಮೀಟರ್‌ನಲ್ಲಿ) ವರ್ಗದಿಂದ ಭಾಗಿಸಿದರೆ ಬಿಎಂಐ 15.3 ಬರುತ್ತದೆ. 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು ಎನ್ನುತ್ತದೆ ಜೊತೆಗೆ ಬಂದ ಪಟ್ಟಿ. ಅಪ್ಪ ಅಮ್ಮನಿಗೆ ಗಾಬರಿ. ಆದರೆ ಆ ವಯಸ್ಸಿಗೆ ಅದು ಸರಿಯಾದ ಬೆಳವಣಿಗೆಯೇ! ಆ ಪಟ್ಟಿ ದೊಡ್ಡವರದ್ದು.

ಮಕ್ಕಳ ಲೆಕ್ಕ ಬೇರೆ ಎಂಬುದನ್ನು ಈ ಸೂತ್ರದ ಮೂಲ ಪುರುಷ ಅಡಾಲ್ಫ್ ಕೆಟ್ಲೆ ಸುಮಾರು 190 ವರ್ಷಗಳ ಹಿಂದೆಯೇ ಬರೆದಿದ್ದರು.

ಯಾರು ಈ ಕೆಟ್ಲೆ?

ಕೆಟ್ಲೆ ಹುಟ್ಟಿದ್ದು 1796ರ ಫೆಬ್ರವರಿ 22ರಂದು, ಇಂದಿನ ಬೆಲ್ಜಿಯಂನ ಗೆಂಟ್ ನಗರದಲ್ಲಿ. ಏಳನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. 17ನೇ ವಯಸ್ಸಿಗೇ ಗಣಿತದ ಮೇಷ್ಟ್ರಾದರು. 1819ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದು ಬ್ರಸೆಲ್ಸ್‌ಗೆ ಹೋದರು. ಅಲ್ಲೊಂದು ಖಗೋಳ ವೀಕ್ಷಣಾಲಯ ಬೇಕೆಂದು ಪಟ್ಟು ಹಿಡಿದರು. ಅದಕ್ಕಾಗಿಯೇ 1823ರಲ್ಲಿ ಪ್ಯಾರಿಸ್‌ಗೆ ಹೋಗಿ ಕಲಿತು ಬಂದರು, ಮುಂದೆ ಅದರ ಮೊದಲ ನಿರ್ದೇಶಕರೂ ಆದರು.

ಪ್ಯಾರಿಸ್‌ನಲ್ಲಿ ಅವರಿಗೆ ಸಂಭವನೀಯತೆಯ ಗಣಿತದ ಪರಿಚಯವಾಯಿತು. ಒಂದೇ ನಕ್ಷತ್ರವನ್ನು ಹಲವು ಸಲ ಅಳೆದರೆ ಪ್ರತಿಸಲವೂ ಸ್ವಲ್ಪ ವ್ಯತ್ಯಾಸ ಬರುತ್ತದೆ, ಸರಾಸರಿ ತೆಗೆದರೆ ನಿಜಕ್ಕೆ ಹತ್ತಿರವಾಗುತ್ತದೆ. ಇದೇ ಉಪಾಯವನ್ನು ಮನುಷ್ಯರ ಮೇಲೂ ಯಾಕೆ ಪ್ರಯೋಗಿಸಬಾರದು? ಹೀಗೆ ಹುಟ್ಟಿದ್ದು ಅವರ 'ಸರಾಸರಿ ಮನುಷ್ಯ'ನ ಕಲ್ಪನೆ. ಜನರ ಎತ್ತರ, ತೂಕ, ಎದೆಯ ಸುತ್ತಳತೆ, ಕೊನೆಗೆ ಅಪರಾಧಗಳನ್ನೂ ಅವರು ಲೆಕ್ಕ ಹಾಕಿದರು.

1835ರಲ್ಲಿ ಬಂದ ಅವರ ಪುಸ್ತಕದಲ್ಲಿದೆ ಬಿಎಂಐ ಸೂತ್ರದ ಬೀಜ. ದೇಹ ಎಲ್ಲ ದಿಕ್ಕಿಗೂ ಸಮನಾಗಿ ಬೆಳೆದರೆ, ಎತ್ತರ ಎರಡು ಪಟ್ಟಾದಾಗ ತೂಕ ಎಂಟು ಪಟ್ಟಾಗಬೇಕು. ವಾಸ್ತವದಲ್ಲಿ ಹಾಗಾಗುವುದಿಲ್ಲ. ಬೆಳೆದು ನಿಂತ ದೊಡ್ಡವರಲ್ಲಿ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಕೆಟ್ಲೆ ಕಂಡುಕೊಂಡರು. ಬೆಳೆಯುವ ವಯಸ್ಸಿನಲ್ಲಿ ಮಾತ್ರ ಲೆಕ್ಕ ಬೇರೆ: ಅಲ್ಲಿ ಎತ್ತರದ ಘಾತ 2 ಅಲ್ಲ, ಎರಡೂವರೆ.

ಗಮನಿಸಿ, ಅವರು ಕೊಬ್ಬನ್ನು ಅಳೆಯಲು ಹೊರಟವರೇ ಅಲ್ಲ. 1855ರಲ್ಲಿ ಪಾರ್ಶ್ವವಾಯು ಬಡಿದ ಮೇಲೂ ಕೆಲಸ ಬಿಡದ ಕೆಟ್ಲೆ, 1874ರ ಫೆಬ್ರವರಿ 17ರಂದು ತೀರಿಕೊಂಡರು. ಆಗ 'ಬಿಎಂಐ' ಎಂಬ ಹೆಸರೇ ಇರಲಿಲ್ಲ. ಆ ಹೆಸರಿಟ್ಟದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು. ಅವರು ಪರೀಕ್ಷಿಸಿದ್ದು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ವಯಸ್ಕ ಗಂಡಸರನ್ನು. ಮಕ್ಕಳು ಅದರಲ್ಲಿ ಇರಲಿಲ್ಲ.

ಹಾಗಾದರೆ ಮಕ್ಕಳಿಗೆ ಬಿಎಂಐ ಬೇಡವೇ?

ಬೇಕು, ಆದರೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಚಾರ್ಟ್ ಜೊತೆಗೆ. ಬಿಎಂಐ 23 ಇದ್ದರೆ 10 ವರ್ಷದ ಹುಡುಗನಿಗೆ ಅದು ಬೊಜ್ಜಿನ ಮಟ್ಟ, 15ರ ಹುಡುಗನಿಗೆ ಬೊಜ್ಜಲ್ಲ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 19 ವರ್ಷದವರಿಗೆ 2007ರಲ್ಲಿ ಇಂಥ ಚಾರ್ಟ್ ಪ್ರಕಟಿಸಿದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ಚಾರ್ಟ್ ಕೂಡ ಇದೆ.

ಚಾರ್ಟ್ ಇದ್ದರೂ ಬಿಎಂಐ ಹೇಳುವುದು ತೂಕದ ಕಥೆ ಮಾತ್ರ. ಆ ತೂಕ ಕೊಬ್ಬಿನದೋ, ಸ್ನಾಯುವಿನದೋ, ಮೂಳೆಯದೋ ಅದಕ್ಕೆ ತಿಳಿಯದು. ಹಾಗಾಗಿ ಒಂದೇ ದಿನದ ಅಂಕಿ ನೋಡಿ ಮಗುವಿನ ಊಟ ಕಡಿತ ಮಾಡಬೇಡಿ, ಒತ್ತಾಯ ಮಾಡಿ ತುರುಕಲೂ ಬೇಡಿ. ಅನುಮಾನವಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಆ ಪಟ್ಟಿ ನಿಮ್ಮ ಗ್ರೂಪಿಗೂ ಬಂದಿದೆಯೇ? ಮುಂದಕ್ಕೆ ಕಳಿಸುವಾಗ ಒಂದು ಸಾಲು ಸೇರಿಸಿ: ಇದು ದೊಡ್ಡವರಿಗೆ ಮಾತ್ರ.