ಸರಪಳಿಗಳ ಲೆಕ್ಕ ಬಿಡಿಸಿದ ಪಾಲ್ ಫ್ಲೋರಿ



ನಿಮ್ಮ ಮನೆಯ ನೈಲಾನ್ ಹಗ್ಗ, ಪಾಲಿಯೆಸ್ಟರ್ ಬಟ್ಟೆ, ಪ್ಲಾಸ್ಟಿಕ್ ಕೊಡ ಇವೆಲ್ಲವೂ ಪಾಲಿಮರ್‌ಗಳು. ಸಣ್ಣ ಅಣುಗಳು ತಸ್ಬೀಹ್ ಮಣಿಗಳಂತೆ ಸಾಲಾಗಿ ಕೂಡಿಕೊಂಡು ಉದ್ದನೆಯ ಸರಪಳಿಗಳಾದಾಗ ಪಾಲಿಮರ್ ಉಂಟಾಗುತ್ತದೆ. ತಸ್ಬೀಹ್‌ನ ಮಣಿಗಳಿಗೆ ಲೆಕ್ಕವಿದೆ. ಆದರೆ ಪಾಲಿಮರಿನ ಒಂದೇ ಪಾತ್ರೆಯಲ್ಲಿ ಹತ್ತು ಕೊಂಡಿಗಳ ಸರಪಳಿಯೂ ನೂರಾರು ಕೊಂಡಿಗಳ ಸರಪಳಿಯೂ ಬೆರೆತಿರುತ್ತವೆ. ಈ ಏರುಪೇರಿಗೂ ಒಂದು ನಿಯಮವಿದೆಯೆಂದು ತೋರಿಸಿದವರು ಅಮೆರಿಕದ ವಿಜ್ಞಾನಿ ಪಾಲ್ ಜಾನ್ ಫ್ಲೋರಿ.

ಫ್ಲೋರಿ 1910ರ ಜೂನ್ 19ರಂದು ಇಲಿನಾಯ್ ರಾಜ್ಯದ ಸ್ಟರ್ಲಿಂಗ್‌ನಲ್ಲಿ ಜನಿಸಿದರು. ತಂದೆ ಧರ್ಮಬೋಧಕರು ಹಾಗೂ ಶಿಕ್ಷಣ ಸೇವಕರು. ತಾಯಿ ಶಾಲಾ ಶಿಕ್ಷಕಿಯಾಗಿದ್ದವರು. ತಲೆತಲಾಂತರದಿಂದ ಬೇಸಾಯವನ್ನೇ ನಂಬಿದ್ದ ಮನೆತನಗಳಿಂದ ಬಂದು ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ಈ ದಂಪತಿ. ಮಗ 1934ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು ಡುಪಾಂಟ್ ಕಂಪೆನಿ ಸೇರಿದರು. ಅಲ್ಲಿ ನೈಲಾನಿನ ಜನಕ ವಾಲೇಸ್ ಕರೋಥರ್ಸ್ ಅವರ ಮಾರ್ಗದರ್ಶನ ದೊರೆಯಿತು.

ಸರಪಳಿ ಉದ್ದವಾದಂತೆ ಅದರ ತುದಿಯ ಕ್ರಿಯಾಶಕ್ತಿ ಕುಂದುತ್ತದೆಂದು ಆಗ ಅನೇಕರು ನಂಬಿದ್ದರು. ಫ್ಲೋರಿ ಇದನ್ನು ಒಪ್ಪಲಿಲ್ಲ. ಉದ್ದ ಎಷ್ಟೇ ಇರಲಿ, ತುದಿಯ ಶಕ್ತಿ ಒಂದೇ ಎಂದು ಭಾವಿಸಿ, ಯಾವ ಉದ್ದದ ಸರಪಳಿಗಳು ಎಷ್ಟಿರಬೇಕೆಂದು ಸಂಭವನೀಯತೆಯ ಗಣಿತದಿಂದ ಲೆಕ್ಕಹಾಕಿ 1936ರಲ್ಲಿ ಪ್ರಕಟಿಸಿದರು. ನೂರು ತುದಿಗಳಲ್ಲಿ 99 ಕೂಡಿಕೊಂಡರೆ ಸರಪಳಿಯ ಸರಾಸರಿ ಉದ್ದ 100 ಕೊಂಡಿಗಳು. ತೂಕವನ್ನು ಆಧರಿಸಿ ಸರಾಸರಿ ತೆಗೆದರೆ ಅದು ಸುಮಾರು ಇಮ್ಮಡಿಯಾಗುತ್ತದೆ. 1939ರಲ್ಲಿ ಅವರು ನಡೆಸಿದ ಪಾಲಿಯೆಸ್ಟರ್ ಪ್ರಯೋಗಗಳೂ ಈ ಭಾವನೆಯನ್ನು ಬೆಂಬಲಿಸಿದವು.

ಇದರಿಂದೇನು ಲಾಭ ಎಂದು ನೀವು ಕೇಳಬಹುದು. ಅಣುಗಳು ಕೂಡಿಕೊಳ್ಳುವುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಕ್ರಿಯೆ ಮುಗಿದ ಮೇಲೆ ಸರಪಳಿಗಳನ್ನು ಅಳೆಯಬಹುದು. ಅವುಗಳ ಉದ್ದದ ಹಂಚಿಕೆಯೇ ಕ್ರಿಯೆ ನಡೆದ ಬಗೆಗೆ ಸಾಕ್ಷಿ. ಎಲ್ಲ ಸರಪಳಿಗಳೂ ಒಟ್ಟಿಗೆ ಆರಂಭವಾಗಿ, ನಡುವೆ ನಿಲ್ಲದೆ ಬೆಳೆದರೆ ಉದ್ದಗಳು ಬಹುತೇಕ ಸಮನಾಗಿರುತ್ತವೆಂದು ಫ್ಲೋರಿ 1940ರಲ್ಲಿ ಲೆಕ್ಕದಿಂದ ತೋರಿಸಿದರು. ಅಂಥ ಸರಪಳಿಗಳನ್ನು ಮೈಕೆಲ್ ಶ್ವಾರ್ಟ್ಸ್ 1956ರಲ್ಲಿ ಪ್ರಯೋಗದಲ್ಲಿ ಬೆಳೆಸಿ ತೋರಿಸಿದರು. ಇಂದಿಗೂ ಪ್ರಯೋಗಾಲಯಗಳಲ್ಲಿ ಹಂಚಿಕೆ ಲೆಕ್ಕಕ್ಕೆ ಹೊಂದದಿದ್ದರೆ, ಎಲ್ಲೋ ಸರಪಳಿ ನಡುವೆ ನಿಂತಿದೆ ಅಥವಾ ಕವಲೊಡೆದಿದೆ ಎಂಬ ಅನುಮಾನ ಮೂಡುತ್ತದೆ.

1953ರಲ್ಲಿ ಫ್ಲೋರಿಯವರ ಪಾಲಿಮರ್ ರಸಾಯನಶಾಸ್ತ್ರದ ಮಹಾಗ್ರಂಥ ಹೊರಬಂತು. 1974ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ಗೌರವವನ್ನು ಅವರು ಸೋವಿಯತ್ ಒಕ್ಕೂಟದಲ್ಲಿ ಕಿರುಕುಳಕ್ಕೊಳಗಾದ ವಿಜ್ಞಾನಿಗಳ ಪರ ದನಿಯೆತ್ತಲು ಬಳಸಿದರು. 1985ರ ಸೆಪ್ಟೆಂಬರ್ 9ರಂದು ನಿಧನರಾದರು.

ಓದುಗರೇ, ನಿಮ್ಮ ಮನೆತನದಲ್ಲಿ ಕಾಲೇಜು ಸೇರಿದ ಮೊದಲಿಗರು ನೀವೇ ಆಗಿರಬಹುದು. ಎಳೆಯ ಸರಪಳಿಗೂ ನೀಳ ಸರಪಳಿಗೂ ತುದಿಯ ಶಕ್ತಿ ಒಂದೇ ಎಂಬ ಫ್ಲೋರಿಯವರ ಲೆಕ್ಕವನ್ನು ಮರೆಯದಿರಿ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನು ಅನುಗ್ರಹಿಸಲಿ.