ಮಂದಿರ ಉಳಿಯಿತು, ಒಡೆಯನುಳಿಯಲಿಲ್ಲ

ಮಾಸ್ಕೋ ನಗರದ ಟ್ರಿಯುಂಫಾಲ್ನಾಯ ಚೌಕದಲ್ಲಿ ಚೈಕೋವ್‌ಸ್ಕಿ ಸಂಗೀತ ಸಭಾಂಗಣವಿದೆ. ಸುಮಾರು 1500 ಶ್ರೋತೃಗಳಿಗೆ ಎಡೆಯುಳ್ಳ ಈ ಮಂದಿರದ ಆಸನಗಳು ಸಾಲುಸಾಲಾಗಿ ಮೇಲೇರಿ, ವೇದಿಕೆಯನ್ನು ತಬ್ಬುವಂತೆ ಬಾಗಿವೆ. ಸಂಗೀತಕ್ಕೆಂದೇ ಇದನ್ನು ಹೀಗೆ ಕಟ್ಟಿರಬೇಕೆಂದು ಕಂಡವರು ಭಾವಿಸುವುದು ಸಹಜ. ಆದರೆ ಈ ಆಕಾರ ಮೂಡಿದ್ದು ನಾಟಕದವನೊಬ್ಬನ ಕನಸಿನಲ್ಲಿ. ಆತನೇ ವ್ಸೆವೊಲೊದ್ ಮೇಯರ್‌ಹೋಲ್ಡ್.

1874ರಲ್ಲಿ ಪೆಂಜಾ ಪಟ್ಟಣದ ಜರ್ಮನ್ ಮೂಲದ ಮನೆತನವೊಂದರಲ್ಲಿ ಹುಟ್ಟಿದ ಈತ, 1898ರಲ್ಲಿ ಸ್ತಾನಿಸ್ಲಾವ್‌ಸ್ಕಿಯ ನಟವರ್ಗವನ್ನು ಸೇರಿ, ಚೆಕಾಫನ ‘ಕಡಲಹಕ್ಕಿ’ಯಲ್ಲಿ ತ್ರೆಪ್ಲೆವ್ ಪಾತ್ರವನ್ನು ವಹಿಸಿದ. ಗುರುವಿನ ಸಹಜಾಭಿನಯದ ಮಾರ್ಗ ಶಿಷ್ಯನಿಗೆ ಒಗ್ಗಲಿಲ್ಲ, 1902ರಲ್ಲಿ ಬೇರೆಯಾದ. ರಂಗಭೂಮಿ ಬದುಕಿನ ಪಡಿಯಚ್ಚಲ್ಲ. ತಾನು ನೋಡುತ್ತಿರುವುದು ನಾಟಕವೆಂಬುದನ್ನು ಪ್ರೇಕ್ಷಕ ಮರೆಯಬಾರದು ಎಂಬುದು ಆತನ ಸಿದ್ಧಾಂತವಾಗಿತ್ತು. 1918ರಲ್ಲಿ ಆತ ಬೋಲ್ಷೆವಿಕ್ ಪಕ್ಷಕ್ಕೆ ಸೇರಿದ. 1920ರಿಂದ ಇದೇ ಚೌಕದ ಹಳೆಯ ರಂಗಮಂದಿರದಲ್ಲಿ ನಾಟಕಗಳನ್ನಾಡಿಸಿದ. 1926ರಲ್ಲಿ ಗೊಗೊಲನ ‘ಇನ್ಸ್‌ಪೆಕ್ಟರ್ ಜನರಲ್’, 1929ರಲ್ಲಿ ಷೊಸ್ತಕೋವಿಚನ ಸಂಗೀತದೊಡನೆ ಮಾಯಕೋವ್‌ಸ್ಕಿಯ ‘ತಿಗಣೆ’ ರಂಗವೇರಿದವು.

ಮೂವತ್ತರ ದಶಕದ ಆದಿಯಲ್ಲಿ ಆ ಹಳೆಯ ಕಟ್ಟಡದ ಎಡೆಯಲ್ಲಿ ಹೊಸತನ್ನು ಕಟ್ಟುವ ಕೆಲಸ ಮೊದಲಾಯಿತು. ಬಾರ್ಖಿನ್ ಮತ್ತು ವಖ್ತಾಂಗೊವ್ ಎಂಬ ಶಿಲ್ಪಿಗಳು ಮೇಯರ್‌ಹೋಲ್ಡನ ಇಚ್ಛೆಯಂತೆ ನಕ್ಷೆ ರಚಿಸಿದರು. ಆಟ ನಡೆಯುವ ಅಂಗಣದ ಮೂರು ಕಡೆ ಜನ ಕುಳಿತುಕೊಳ್ಳಬೇಕು. ನಟನಿಗೂ ನೋಡುವವನಿಗೂ ನಡುವೆ ತೆರೆಯ ಅಡ್ಡಿಯಿರಕೂಡದು. ಆ ನಕ್ಷೆಯನ್ನು ನೋಡಿದಾಗ ನನಗೆ ಅದು ಬರಿಯ ಗೆರೆಗಳ ಕೂಟವಾಗಿ ತೋರುವುದಿಲ್ಲ. ಒಬ್ಬ ಕಲಾವಿದನ ಬಾಳಿನ ವಾದವೆಲ್ಲ ಅಲ್ಲಿ ರೂಪುಗೊಂಡಿದೆ.

ಕಟ್ಟಡ ಮುಗಿಯುವ ಮುನ್ನವೇ, 1938ರ ಜನವರಿಯಲ್ಲಿ, ಆತನ ರಂಗಸಂಸ್ಥೆಯನ್ನು ಸರಕಾರ ಮುಚ್ಚಿಸಿತು. ಸೋವಿಯತ್ ಕಲೆಗೆ ಪರಕೀಯನೆಂಬುದು ಆರೋಪ. ಎಲ್ಲರೂ ದೂರ ಸರಿಯುತ್ತಿದ್ದ ಆ ಹೊತ್ತಿನಲ್ಲಿ ತನ್ನ ಗೀತನಾಟಕ ಶಾಲೆಗೆ ಕರೆದುಕೊಂಡವನು, ಮೂವತ್ತಾರು ವರ್ಷಗಳ ಹಿಂದೆ ಆತ ತೊರೆದು ಬಂದಿದ್ದ ಗುರು ಸ್ತಾನಿಸ್ಲಾವ್‌ಸ್ಕಿ. ಮತಭೇದವನ್ನು ಮೀರಿದ ಇಂತಹ ಗುರುತ್ವ ಅಪೂರ್ವವೆಂದೇ ನಾನು ಎಣಿಸುತ್ತೇನೆ. ಆ ಆಸರೆಯೂ ಬಹುಕಾಲ ನಿಲ್ಲಲಿಲ್ಲ. ಆಗಸ್ಟಿನಲ್ಲಿ ಗುರು ತೀರಿಕೊಂಡ.

1939ರ ಜೂನಿನಲ್ಲಿ ಮೇಯರ್‌ಹೋಲ್ಡನ ಬಂಧನವಾಯಿತು. ಕೆಲವೇ ವಾರಗಳಲ್ಲಿ ಆತನ ಮಡದಿ, ನಟಿ ಜಿನಾಯಿದಾ ರೈಖ್, ಮನೆಯಲ್ಲೇ ಕೊಲೆಯಾದಳು. ಅರುವತ್ತೈದರ ವೃದ್ಧನನ್ನು ಹೊಡೆದು ಬಡಿದು ಗೂಢಚಾರನೆಂದು ಒಪ್ಪಿಸಿದರು. ಆತ ಆ ಹೇಳಿಕೆಯನ್ನು ಹಿಂತೆಗೆದುಕೊಂಡು, ತಾನು ಪಟ್ಟ ಹಿಂಸೆಯನ್ನು ಪ್ರಧಾನಿ ಮೊಲೊತೊವನಿಗೆ ಬರೆದು ತಿಳಿಸಿದ. ಫಲವಾಗಲಿಲ್ಲ. 1940ರ ಫೆಬ್ರವರಿ 2ರಂದು ಆತನನ್ನು ಗುಂಡಿಟ್ಟು ಕೊಂದರು.

ಅದೇ ವರ್ಷದ ಅಕ್ಟೋಬರಿನಲ್ಲಿ, ಚೆಚುಲಿನ್ ಮತ್ತು ಓರ್ಲೊವ್ ಪೂರ್ಣಗೊಳಿಸಿದ ಆ ಕಟ್ಟಡ ಸಂಗೀತಮಂದಿರವಾಗಿ ಬಾಗಿಲು ತೆರೆಯಿತು. ಅದು ಚೈಕೋವ್‌ಸ್ಕಿಯ ಜನ್ಮಶತಾಬ್ದಿಯ ವರ್ಷ. ಆ ಮಹಾಸಂಗೀತಗಾರನ ಹೆಸರನ್ನೇ ಅದಕ್ಕಿಟ್ಟರು. ಮೇಯರ್‌ಹೋಲ್ಡ್ ನಿರ್ದೋಷಿಯೆಂದು ನ್ಯಾಯಾಲಯ ಸಾರಿದ್ದು 1955ರಲ್ಲಿ.

ಕಲೆ ಚಿರಂತನವೆಂದು ಹೇಳಿ ನಾವು ಸುಲಭವಾಗಿ ಸಮಾಧಾನ ತಂದುಕೊಳ್ಳುತ್ತೇವೆ. ಕಟ್ಟಡ ಉಳಿಯಿತೆಂಬುದು ಕೊಲೆಗೆ ಪರಿಹಾರವಲ್ಲ. ಅಲ್ಲಿ ಎಷ್ಟೋ ಉತ್ತಮ ಸಂಗೀತ ಹರಿದಿದೆ. ಆದರೆ ಆ ಅಂಗಣದಲ್ಲಿ ಆತ ಆಡಿಸಬೇಕೆಂದಿದ್ದ ನಾಟಕಗಳಲ್ಲಿ ಒಂದನ್ನೂ ಯಾರೂ ಕಾಣಲಿಲ್ಲ.